ಮನೆಯಲ್ಲೇ ಗಿಟಾರ್ ಪಿಕಪ್ ಸುತ್ತುವುದು: ಹುಬ್ಬಳ್ಳಿ-ಧಾರವಾಡದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೇಸಿಗೆ ಶುರುವಾದರೆ ಹುಬ್ಬಳ್ಳಿಯ ವೈಂಡಿಂಗ್ ಅಂಗಡಿಗಳ ಮುಂದೆ ಸುಟ್ಟ ಮೋಟರುಗಳ ಸಾಲು. ಕುಂದಗೋಳ, ನವಲಗುಂದ, ಕಲಘಟಗಿ ಕಡೆಯ ಹೊಲಗಳಿಂದ ಬಂದ ಪಂಪ್‌ಸೆಟ್ಟುಗಳವು. ಮೇಸ್ತ್ರಿ ಸುಟ್ಟ ತಂತಿ ಬಿಚ್ಚುತ್ತಾರೆ, ಗೇಜ್ (ತಂತಿಯ ದಪ್ಪದ ನಂಬರ್) ನೋಡುತ್ತಾರೆ, ಸುತ್ತು ಎಣಿಸುತ್ತಾರೆ, ಅಷ್ಟೇ ಸುತ್ತು ಹೊಸ ತಂತಿ ಹಾಕುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಭಾಗ, ಕೂಡ ಇದೇ ಜಾತಿಯ ಕೆಲಸ. ಆದರೆ ನಮ್ಮಲ್ಲಿ ಗಿಟಾರಿನ ಪಿಕಪ್ ಸತ್ತರೆ ಹೊಸದನ್ನು ಬೆಂಗಳೂರಿಂದಲೋ ಮುಂಬೈಯಿಂದಲೋ ತರಿಸುವುದೇ ರೂಢಿಯಾಗಿದೆ. ಅದರ ಅಗತ್ಯವಿಲ್ಲ. ತಂತಿ ಮತ್ತು ಆಯಸ್ಕಾಂತ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ಈ ಅವಳಿ ನಗರದಲ್ಲೇ ಸಿಗುತ್ತದೆ. ಕೈಗೆ ಬೇಕಾದ ತಾಳ್ಮೆಯೂ ಇಲ್ಲಿನ ಜನಕ್ಕೆ ಹೊಸದಲ್ಲ.

ಇಲ್ಲಿ ವಿವರಿಸುತ್ತಿರುವುದು ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರ್ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ) ಪಿಕಪ್. ಮೊದಲ ಸಲ ಸುತ್ತುವವರು ಇದನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಕಾಯಿಲ್‌ನ ಹಂಬಕರ್ ಆಮೇಲೆ ಸಾವಕಾಶವಾಗಿ ಮಾಡಬಹುದು.

ಒಳಗೆ ನಡೆಯುವುದೇನು

ಮೈಕೆಲ್ ಫ್ಯಾರಡೆ 1831 ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇಡೀ ಕತೆ. ಪಿಕಪ್ಪಿನ ಆಯಸ್ಕಾಂತ ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಸಣ್ಣ ಆಯಸ್ಕಾಂತವನ್ನಾಗಿ ಮಾಡುತ್ತದೆ. ಆ ತಂತಿ ಮೀಟಿದಾಗ ಕಂಪಿಸುತ್ತದೆ, ಕಾಯಿಲ್ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ, ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಇದು ನಡೆಯುವುದಿಲ್ಲ. ಉಕ್ಕಿನ ತಂತಿಯ ಯಾವ ವಾದ್ಯಕ್ಕಾದರೂ ನಡೆಯುತ್ತದೆ. ನಮ್ಮ ಕಡೆ ಮೆರವಣಿಗೆಗಳಲ್ಲಿ ಬಾರಿಸುವ ಕೀಲಿಮಣೆಯ ಬ್ಯಾಂಜೋಗೂ ಇದೇ ವಿದ್ಯೆ ಸಾಕು, ತಂತಿ ಸುತ್ತುವ ಚೌಕಟ್ಟಾದ ಬಾಬಿನ್ನಿನ ಅಳತೆ ಮಾತ್ರ ಬದಲಾಗುತ್ತದೆ.

ಸುತ್ತು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಹಾಗಾದರೆ ಸುತ್ತುತ್ತಲೇ ಹೋಗಬಹುದಲ್ಲ ಎಂದು ಅನಿಸಬಹುದು. ಆಗದು. ಸುತ್ತು ಹೆಚ್ಚಿದಂತೆ ಕಾಯಿಲ್‌ನ ಇಂಡಕ್ಟನ್ಸ್ (ವಿದ್ಯುತ್ತಿನ ಏರಿಳಿತಕ್ಕೆ ಒಡ್ಡುವ ತಡೆ) ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಈ ಇಂಡಕ್ಟನ್ಸ್ ಮತ್ತು ನಿಮ್ಮ ಕೇಬಲ್ಲಿನ ಕೆಪ್ಯಾಸಿಟನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಸೇರಿ ಒಂದು ಅನುರಣನ ಬಿಂದುವನ್ನು, ಅಂದರೆ ಪಿಕಪ್ ಅತಿ ಜೋರಾಗಿ ಮಿಡಿಯುವ ಆವರ್ತನವನ್ನು, ಕಟ್ಟುತ್ತವೆ. ಅದರ ಮೇಲಿನ ಸ್ವರಾಂಶಗಳು ಮಸುಕಾಗುತ್ತವೆ. ಸ್ಟ್ರಾಟ್ ಮಾದರಿಯ ಕಾಯಿಲ್ ಸುಮಾರು 2.4 ಹೆನ್ರಿ ಇರುತ್ತದೆ ಎನ್ನಿ. ಐದು ಮೀಟರ್ ಕೇಬಲ್ ಹಾಕಿದರೆ ಎಲ್ಲ ಸೇರಿ ಹತ್ತಿರ ಹತ್ತಿರ 600 ಪಿಕೋಫ್ಯಾರಡ್. ಲೆಕ್ಕ ಹಾಕಿದರೆ ಅನುರಣನ 4.2 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. ಅದೇ ಪಿಕಪ್ಪಿಗೆ ಹತ್ತು ಮೀಟರ್ ಕೇಬಲ್ ಕೊಟ್ಟರೆ ಅದು 3.1 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಗಣೇಶೋತ್ಸವದ ದೊಡ್ಡ ವೇದಿಕೆಯಲ್ಲಿ ಉದ್ದ ಕೇಬಲ್ ಹಾಕಿದ ದಿನ ಗಿಟಾರಿನ ಚೂಪು ಹೋಯಿತು ಎಂದು ಆರ್ಕೆಸ್ಟ್ರಾದವರು ಹೇಳುವುದಕ್ಕೆ ಇದೇ ಕಾರಣ. ಪಿಕಪ್ ಸುತ್ತುವವರು ಈ ಬಿಂದು ಎಲ್ಲಿ ಕೂರಬೇಕು ಎಂದು ತೀರ್ಮಾನಿಸುತ್ತಾರೆ. ಉಳಿದ ಕೆಲಸವೆಲ್ಲ ಆ ತೀರ್ಮಾನವನ್ನು ಕೈಯಿಂದ ನಡೆಸಿಕೊಡುವುದು.

ತಂತಿ: ಇಲ್ಲಿ ಅವಸರ ಬೇಡ

ಮೋಸ ಹೋಗುವ ಜಾಗ ಇದೇ. ಅಮೆರಿಕದ ಪಿಕಪ್ ವಿವರಗಳಲ್ಲಿ 42 ಗೇಜ್ ಎಂದಿರುತ್ತದೆ. ಅದು ಎ.ಡಬ್ಲ್ಯು.ಜಿ. (ಅಮೆರಿಕನ್ ವೈರ್ ಗೇಜ್) ಲೆಕ್ಕ, ತಾಮ್ರದ ವ್ಯಾಸ 0.0635 ಮಿ.ಮೀ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಸ್ಟ್ಯಾಂಡರ್ಡ್ ವೈರ್ ಗೇಜ್, ಅಂದರೆ ಎಸ್.ಡಬ್ಲ್ಯು.ಜಿ. ನೀವು ಹೋಗಿ "42 ನಂಬರ್ ತಂತಿ ಕೊಡ್ರಿ" ಎಂದರೆ ಅವರು ಪ್ರಾಮಾಣಿಕವಾಗಿಯೇ 0.1016 ಮಿ.ಮೀ. ತಂತಿ ಕೊಡುತ್ತಾರೆ. ಅದರಲ್ಲಿ ನಮಗೆ ಬೇಕಾದ ಸುಮಾರು 8,000 ಸುತ್ತು ಈ ಬಾಬಿನ್ನಿನಲ್ಲಿ ಹಿಡಿಸುವುದೇ ಇಲ್ಲ. ನಮಗೆ ಬೇಕಾದದ್ದು ಎಸ್.ಡಬ್ಲ್ಯು.ಜಿ. 46, ಅಂದರೆ 0.061 ಮಿ.ಮೀ. ಗೊಂದಲವೇ ಬೇಡವೆಂದರೆ ಗೇಜ್ ಬಿಟ್ಟು ಮಿಲಿಮೀಟರಿನಲ್ಲೇ ಕೇಳಿ: 0.06 ರಿಂದ 0.063.

ಪಂಪ್‌ಸೆಟ್ ವೈಂಡಿಂಗ್ ಅಂಗಡಿಗಳಲ್ಲಿ ಇಷ್ಟು ಸಣ್ಣದು ಸಾಮಾನ್ಯವಾಗಿ ಇರುವುದಿಲ್ಲ. ಕೇಳಿದರೆ, "ಇದು ಕೂದಲಿನಷ್ಟ ಅದ ಅಲ್ರಿ, ಇದನ್ನ ನಾವೇನ್ ಮಾಡೂಣ್ರಿ" ಎಂಬ ಉತ್ತರ ಬರುತ್ತದೆ. ಆದರೂ ಕೇಳಿ, ಏಕೆಂದರೆ ಅವರಿಗೆ ತಂತಿ ಪೂರೈಸುವವರು ತರಿಸಿಕೊಡಬಲ್ಲರು. ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಕಡೆಯಿಂದ ಬರಬೇಕು. ತಂತಿ ತೂಕದ ಮೇಲೆ ಮಾರಾಟವಾಗುತ್ತದೆ. ಒಂದು ಪಿಕಪ್ಪಿಗೆ ಬೇಕಾಗುವುದು ಒಂದು ಕಿಲೋಮೀಟರಿಗೂ ತುಸು ಹೆಚ್ಚು ಉದ್ದ, ಆದರೆ ತೂಕ 30 ಗ್ರಾಂ ಅಷ್ಟೇ. ಕಾಲು ಕಿಲೋ ರೀಲ್ ತಂದರೆ ಹಾಳಾದದ್ದೂ ಸೇರಿ ಬಹಳ ದಿನ ಬರುತ್ತದೆ. ಹಳೆಯ ರಿಲೇ ಬಿಚ್ಚಿ ಅದರ ತಂತಿ ಬಳಸುವ ಯೋಚನೆ ಬೇಡ. ಒಮ್ಮೆ ಸುತ್ತಿ ಬಿಚ್ಚಿದ ತಂತಿಯ ಎನಾಮಲ್ (ವಿದ್ಯುತ್ ತಡೆಯುವ ತೆಳು ಲೇಪ) ಮೇಲೆ ಭರವಸೆ ಇಡಲಾಗದು.

ತಂದ ತಂತಿ ಸರಿಯಿದೆಯೇ ಎಂದು ನೋಡಲು ಮೈಕ್ರೋಮೀಟರ್ ಇಲ್ಲದಿದ್ದರೂ ಆಗುತ್ತದೆ. ಹತ್ತು ಮೀಟರ್ ಅಳೆದು, ಎರಡೂ ತುದಿ ಕೆರೆದು, ಮಲ್ಟಿಮೀಟರ್ ಹಚ್ಚಿ. ಎಸ್.ಡಬ್ಲ್ಯು.ಜಿ. 46 ಆಗಿದ್ದರೆ ಸುಮಾರು 59 ಓಮ್, ಎ.ಡಬ್ಲ್ಯು.ಜಿ. 42 ಆಗಿದ್ದರೆ 54, ಎಸ್.ಡಬ್ಲ್ಯು.ಜಿ. 45 ಆಗಿದ್ದರೆ 43. ತಪ್ಪಾಗಿ ಎಸ್.ಡಬ್ಲ್ಯು.ಜಿ. 42 ಬಂದಿದ್ದರೆ 21 ತೋರಿಸುತ್ತದೆ, ವಾಪಸ್ ಕೊಡಿ.

ಎನಾಮಲ್‌ನಲ್ಲೂ ಎರಡು ಬಗೆ. ಪಾಲಿಯುರೆಥೇನ್ ಲೇಪದ್ದಕ್ಕೆ ಬಿಸಿ ಸೋಲ್ಡರ್ ತಾಗಿಸಿದರೆ ಲೇಪ ತಾನೇ ಸುಟ್ಟು ಬೆಸುಗೆ ಹಿಡಿಯುತ್ತದೆ. ಪಾಲಿಯೆಸ್ಟರ್ ಲೇಪದ್ದನ್ನು ಜೀರೋ ನಂಬರ್ ಪಾಲಿಶ್ ಪೇಪರಿನಿಂದ ಕೆರೆಯಲೇಬೇಕು, ಕೆರೆಯುವಾಗ ಇಷ್ಟು ಸಣ್ಣ ತಂತಿ ತುಂಡಾಗುವುದೇ ಹೆಚ್ಚು. ಮೊದಲನೆಯದನ್ನೇ ಕೇಳಿ ತನ್ನಿ.

ಆಯಸ್ಕಾಂತ ಮತ್ತು ಬಾಬಿನ್

ಅಲ್ನಿಕೋ 5 ಕಡ್ಡಿಗಳು ಆರು ಬೇಕು. ವ್ಯಾಸ 4.8 ಮಿ.ಮೀ. ಹತ್ತಿರ, ಉದ್ದ 16 ರಿಂದ 18 ಮಿ.ಮೀ. ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್, ಕಬ್ಬಿಣ ಸೇರಿದ ಮಿಶ್ರಲೋಹವಿದು. ಆನ್‌ಲೈನಿನಲ್ಲಿ ಸಿಗುತ್ತದೆ. ಅದು ಸಿಗದಿದ್ದರೆ 5 ಮಿ.ಮೀ. ಮೆದು ಕಬ್ಬಿಣದ ಕಡ್ಡಿ ಹಾಕಿ ಅಡಿಯಲ್ಲಿ ಪಟ್ಟಿಯಾಕಾರದ ಫೆರೈಟ್ ಆಯಸ್ಕಾಂತ ಅಂಟಿಸಬಹುದು. ಆದರೆ ಕಬ್ಬಿಣ ಇಂಡಕ್ಟನ್ಸ್ ಏರಿಸುತ್ತದೆ, ನಾದ ದಪ್ಪಗಾಗುತ್ತದೆ, ಆದ್ದರಿಂದ ಸುತ್ತು ಒಂದಿಷ್ಟು ಕಡಿಮೆ ಮಾಡಬೇಕು. ಸುಲಭವಾಗಿ ಸಿಗುತ್ತದೆಂದು ನಿಯೋಡಿಮಿಯಂ ಹಾಕಬೇಡಿ. ಅದರ ಸೆಳೆತಕ್ಕೆ ತಂತಿ ಮುಕ್ತವಾಗಿ ಆಡುವುದಿಲ್ಲ, ಮೇಲಿನ ಫ್ರೆಟ್ಟುಗಳಲ್ಲಿ ಶ್ರುತಿ ಅಲುಗಾಡುತ್ತದೆ. ತಂಬೂರಿಯ ನಾದ ಕೇಳಿ ಬೆಳೆದ ಧಾರವಾಡದ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಬಾಬಿನ್ನಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳಿಗೆ ಹೈಲಮ್ ಶೀಟ್ (ವಿದ್ಯುತ್ ಹರಿಯದ ಗಟ್ಟಿ ಹಾಳೆ) ಒಳ್ಳೆಯದು. ವೈಂಡಿಂಗ್ ಸಾಮಾನು ಮಾರುವಲ್ಲಿ, ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ತುಂಡು ಸಿಗುತ್ತದೆ. 2 ರಿಂದ 2.5 ಮಿ.ಮೀ. ದಪ್ಪ ಸಾಕು. ಮೊದಲು ನಿಮ್ಮ ಪಿಕಪ್ ಕವರಿನ ಒಳ ಅಳತೆ ತೆಗೆದುಕೊಳ್ಳಿ, ಅದಕ್ಕೆ ತಕ್ಕಂತೆ ಕತ್ತರಿಸಿ. ಆರು ರಂಧ್ರಗಳ ಸ್ಥಾನವನ್ನು ನಿಮ್ಮ ಗಿಟಾರಿನ ತಂತಿಗಳ ಅಂತರ ಅಳೆದೇ ಗುರುತಿಸಬೇಕು. ಸ್ಟ್ರಾಟ್ ಮಾದರಿಯಲ್ಲಿ ಮೊದಲ ತಂತಿಯಿಂದ ಆರನೆಯದಕ್ಕೆ 52 ಮಿ.ಮೀ. ಸಾಮಾನ್ಯ, ನಡುವೆ 10.4. ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಡಬಲ್ ಟೇಪಿನಿಂದ ಅಂಟಿಸಿ ಒಟ್ಟಿಗೇ ಡ್ರಿಲ್ ಮಾಡಿ. ರಂಧ್ರ ಕಡ್ಡಿಗಿಂತ ಕೂದಲೆಳೆ ಬಿಗಿ ಇರಲಿ. ಕೈಯಿಂದ ಒತ್ತಿದರೆ ಹೋಗದೆ, ಬೆಂಚ್ ವೈಸಿನಲ್ಲಿ ಮೆಲ್ಲಗೆ ಒತ್ತಿದರೆ ಕೂರಬೇಕು. ಸುತ್ತಿಗೆ ಮುಟ್ಟಬೇಡಿ, ಅಲ್ನಿಕೋ ಒಡೆಯುತ್ತದೆ. ಕೆಳಗಿನ ಪಟ್ಟಿಯ ಅಂಚಿನಲ್ಲಿ ತಂತಿಯ ತುದಿಗಳಿಗಾಗಿ ಎರಡು ಸಣ್ಣ ರಂಧ್ರ ಮಾಡಿ ಐಲೆಟ್ (ಸಣ್ಣ ಲೋಹದ ಉಂಗುರ) ಕೂರಿಸಿ.

ಎರಡು ಪಟ್ಟಿಗಳ ನಡುವೆ 11 ಮಿ.ಮೀ. ಜಾಗ ಬಿಡಿ. ಕಡ್ಡಿಗಳೆಲ್ಲ ಒಂದೇ ಧ್ರುವ ಮೇಲಾಗಿ ಇರಬೇಕು, ದಿಕ್ಸೂಚಿ ಹಿಡಿದು ಆರನ್ನೂ ನೋಡಿ. ಇನ್ನೊಂದು ಮಾತು, ಬಹಳ ಜನ ಬಿಡುವುದು ಇದನ್ನೇ: ಕಡ್ಡಿಗಳ ಮೈಗೆ ಎರಡು ಕೋಟ್ ಲ್ಯಾಕರ್ ಅಥವಾ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ ಒಣಗಿಸಿ, ಅದರ ಮೇಲೆ ತೆಳು ಟೇಪಿನ ಒಂದೇ ಸುತ್ತು ಹಾಕಿ. ಒಳಗಿನ ಮೊದಲ ಸುತ್ತುಗಳು ಬರಿ ಲೋಹಕ್ಕೆ ಉಜ್ಜಿದರೆ ಎನಾಮಲ್ ಹೋಗಿ ಶಾರ್ಟ್ ಆಗುತ್ತದೆ. ಆಮೇಲೆ ಅದನ್ನು ಸರಿಪಡಿಸಲು ಇಡೀ ಕಾಯಿಲ್ ಕತ್ತರಿಸಿ ತೆಗೆಯುವುದೊಂದೇ ದಾರಿ.

ಸುತ್ತುವ ಯಂತ್ರ

ಸೀಲಿಂಗ್ ಫ್ಯಾನ್ ವೈಂಡಿಂಗ್‌ಗೆಂದು ಮಾರುವ, ಕೌಂಟರ್ ಇರುವ ಕೈಯಂತ್ರ ಹುಬ್ಬಳ್ಳಿಯಲ್ಲೇ ಸಿಗುತ್ತದೆ. ಒಬ್ಬರು ಹಿಡಿಕೆ ತಿರುಗಿಸಿ ಇನ್ನೊಬ್ಬರು ತಂತಿ ಹಿಡಿದರೆ ಅದರಲ್ಲೂ ಪಿಕಪ್ ಆಗುತ್ತದೆ. ಒಬ್ಬರೇ ಮಾಡುವುದಾದರೆ 12 ವೋಲ್ಟ್ ಡಿ.ಸಿ. ಮೋಟರ್ ಮತ್ತು ವೇಗ ನಿಯಂತ್ರಕ ಒಳ್ಳೆಯದು. ಅದನ್ನು ಬ್ಯಾಟರಿಗೆ ಹಚ್ಚಿ, ನಡುವೆ ಕರೆಂಟ್ ಹೋದರೂ ತಂತಿ ಸಡಿಲಾಗುವುದಿಲ್ಲ. ಹೊಲಿಗೆ ಯಂತ್ರದ ಮೋಟರ್ ಸಹ ಬಳಸುತ್ತಾರೆ. ಅದರ ವೇಗ ಹೆಚ್ಚು, ಹೊಸಬರಿಗೆ ಬೇಡ.

ಬಾಬಿನ್ ಅನ್ನು ಮೋಟರಿನ ಶಾಫ್ಟಿಗೆ ಹಿಡಿಸಿದ ಮರದ ಪಟ್ಟಿಗೆ ಡಬಲ್ ಟೇಪಿನಿಂದ ಅಂಟಿಸಿ, ನಟ್ಟ ನಡುವೆ ಇರುವಂತೆ ನೋಡಿ. ಕೌಂಟರಿಗೆ ಒಂದು ಹಳೆಯ ಉಪಾಯವಿದೆ: ಸಾದಾ ಕ್ಯಾಲ್ಕುಲೇಟರ್ ಬಿಚ್ಚಿ, ಸಮ ಚಿಹ್ನೆಯ ಕೀಲಿಯ ಎರಡು ಬಿಂದುಗಳಿಗೆ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್) ಹಚ್ಚಿ, ತಿರುಗುವ ಪಟ್ಟಿಗೆ ಸಣ್ಣ ಆಯಸ್ಕಾಂತ ಅಂಟಿಸಿ. ಒಂದು, ಕೂಡು, ಸಮ ಎಂದು ಒತ್ತಿ ಬಿಟ್ಟರೆ ಪ್ರತಿ ಸುತ್ತಿಗೂ ಒಂದೊಂದು ಏರುತ್ತದೆ. ಅಗ್ಗದ ಕ್ಯಾಲ್ಕುಲೇಟರ್ ವೇಗ ಹೆಚ್ಚಾದರೆ ಎಣಿಕೆ ತಪ್ಪಿಸುತ್ತದೆ, ಹಾಗಾಗಿ ನಿಮಿಷಕ್ಕೆ 400 ಸುತ್ತು ಮೀರಬೇಡಿ. ಈ ವೇಗದಲ್ಲಿ 8,000 ಸುತ್ತಿಗೆ ಇಪ್ಪತ್ತು ನಿಮಿಷ. ಶುರುವಿಗೆ ಅರ್ಧ ವೇಗದಲ್ಲಿ ಹೋದರೂ ನಷ್ಟವಿಲ್ಲ.

ತಂತಿಯ ರೀಲ್ ತಿರುಗಬಾರದು. ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ತಂತಿ ಅದರ ಮೇಲ್ತುದಿಯಿಂದ ಬಿಚ್ಚಿಕೊಂಡು ಮೇಲೆ ಬರಲಿ. ಅಡ್ಡ ಇಟ್ಟು ತಿರುಗಲು ಬಿಟ್ಟರೆ ರೀಲಿನ ಭಾರದ ಜಗ್ಗಾಟಕ್ಕೆ ತಂತಿ ಪದೇ ಪದೇ ಹರಿಯುತ್ತದೆ.

ಸುತ್ತುವುದು

ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಹಾಕಿ. ಹುಬ್ಬಳ್ಳಿಯ ಗಾಳಿಯಲ್ಲಿ ಬರುವ ಮಣ್ಣಿನ ಕಣ ಒಂದು ಸುತ್ತಿನ ಕೆಳಗೆ ಕುಳಿತರೂ ಎನಾಮಲ್‌ಗೆ ಹಾನಿ. ಕಪ್ಪು ಬಟ್ಟೆಯೋ ಕಾಗದವೋ ಹಿಂದೆ ಇಟ್ಟು, ಪಕ್ಕದಿಂದ ಟೇಬಲ್ ಲ್ಯಾಂಪಿನ ಬೆಳಕು ಬಿಡಿ, ತಂತಿ ಕಣ್ಣಿಗೆ ಬೀಳುತ್ತದೆ.

ತುದಿಯನ್ನು ಮೊದಲ ಐಲೆಟ್ಟಿಗೆ ನಾಲ್ಕೈದು ಸಲ ಸುತ್ತಿ ಬೆಸುಗೆ ಹಾಕಿ. ಐಲೆಟ್ಟಿನಿಂದ ಕಡ್ಡಿಗೆ ಹೋಗುವ ದಾರಿಯಲ್ಲಿ ಪಟ್ಟಿಯ ಅಂಚಿಗೆ ತಾಗದಂತೆ ಚಿಕ್ಕ ಟೇಪ್ ತುಂಡು ಇಡಿ. ಮೊದಲ ಐವತ್ತು ಸುತ್ತು ಮೋಟರ್ ಇಲ್ಲದೆ ಕೈಯಿಂದಲೇ ತಿರುಗಿಸಿ.

ಈಗ ಬೆರಳಿನ ಮಾತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆತ್ತನೆಯ ಫೆಲ್ಟ್ ತುಂಡಿಟ್ಟು ತಂತಿ ಹಾಯಲು ಬಿಡಿ. ಈ ತಂತಿ 70-80 ಗ್ರಾಂ ಎಳೆತಕ್ಕೆ ಹರಿಯುತ್ತದೆ, ಅದರ ಮೂರನೇ ಒಂದು ಭಾಗದಷ್ಟು ಬಿಗಿ ಸಾಕು. ಸಡಿಲಾದರೆ ಒಳಗಿನ ಸುತ್ತುಗಳು ಕಂಪಿಸಿ ಪಿಕಪ್ ಮೈಕಿನಂತೆ ಕೂಗುತ್ತದೆ. ಅತಿ ಬಿಗಿಯಾದರೆ ತಾಮ್ರ ಹಿಗ್ಗಿ ತೆಳುವಾಗುತ್ತದೆ, ಇವತ್ತು ಹರಿಯದಿದ್ದರೂ ಬಿಸಿಲು-ಚಳಿಗೆ ಮುಂದೊಂದು ದಿನ ಒಳಗೇ ಹರಿಯುತ್ತದೆ. ಈ ಎರಡರ ನಡುವಿನ ಹದ ಅಂಕಿಯಿಂದ ಕಲಿಯುವಂಥದ್ದಲ್ಲ. ಗದಗ-ಬೆಟಗೇರಿಯ ನೇಕಾರರ ಮನೆಗಳಲ್ಲಿ ರಾಟಿಯ ಮುಂದೆ ಕೂತು ಕಂಡಿಕಿ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುವವರನ್ನು ನೋಡಿ. ಎಳೆ ಬೆರಳ ಸಂದಿನಲ್ಲಿ ಹಾಯುತ್ತಿರುತ್ತದೆ, ಗಂಟು ಬಂದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಆ ಅಭ್ಯಾಸ ಇರುವ ಮನೆಯ ಹುಡುಗರು ಪಿಕಪ್ ಸುತ್ತಲು ಕೂತರೆ ಬೇರೆಯವರಿಗಿಂತ ಬೇಗ ಕಲಿಯುತ್ತಾರೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಫೆಂಡರ್ ಕಾರ್ಖಾನೆಯಲ್ಲೂ ಆರಂಭದ ದಶಕಗಳಲ್ಲಿ ಹೆಂಗಸರು ಕೈಯಲ್ಲೇ ತಂತಿ ನಡೆಸಿ ಸುತ್ತುತ್ತಿದ್ದರು. 1956 ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ಸುತ್ತಿದ ಪಿಕಪ್ಪುಗಳನ್ನು ಗಿಟಾರ್ ಲೋಕ ಇಂದಿಗೂ ಹುಡುಕಿ ಕೊಳ್ಳುತ್ತದೆ.

ತಂತಿಯನ್ನು ಮೇಲಿನ ಪಟ್ಟಿಯಿಂದ ಕೆಳಗಿನದಕ್ಕೆ, ಅಲ್ಲಿಂದ ಮತ್ತೆ ಮೇಲಕ್ಕೆ ಸಮನಾಗಿ ಓಡಾಡಿಸುತ್ತಿರಿ. ಒಂದರ ಪಕ್ಕ ಒಂದು ಜೋಡಿಸಿದಂತೆ ಅಚ್ಚುಕಟ್ಟಾಗಿ ಬರಬೇಕಿಲ್ಲ, ಬರುವುದೂ ಇಲ್ಲ. ಕೈಯಲ್ಲಿ ಸುತ್ತಿದಾಗ ಎಳೆಗಳು ಅಡ್ಡಾದಿಡ್ಡಿ ಬೀಳುತ್ತವೆ, ಅವುಗಳ ನಡುವೆ ಗಾಳಿಯ ಸಂದು ಉಳಿಯುತ್ತದೆ, ಕಾಯಿಲ್‌ನ ಸ್ವಂತ ಕೆಪ್ಯಾಸಿಟನ್ಸ್ ಕಡಿಮೆಯಾಗುತ್ತದೆ. ಆದರೆ ಒಂದು ಕಡೆ ಗುಡ್ಡ, ಒಂದು ಕಡೆ ತಗ್ಗು ಆಗಬಾರದು. ಪಟ್ಟಿಯ ಅಂಚಿನಲ್ಲಿ ಎಳೆ ಜಾರಿ ಹೊರಗೆ ಹೋಗದಂತೆ ಬೆರಳಿನ ಓಡಾಟಕ್ಕೆ ಎರಡೂ ಕಡೆ ತಡೆ ಇಟ್ಟುಕೊಳ್ಳಿ.

ನಡುವೆ ಹರಿದರೆ? ಸಾವಿರದ ಒಳಗಿದ್ದರೆ ಬಿಚ್ಚಿ ಹೊಸದಾಗಿ ಶುರು ಮಾಡಿ. ಮುಂದೆ ಹೋಗಿದ್ದರೆ ಎರಡು ತುದಿ ಹೊಸೆದು, ಬೆಸುಗೆ ಹಾಕಿ, ಸಣ್ಣ ಟೇಪ್ ತುಂಡಿನ ನಡುವೆ ಮಡಚಿ ಮುಂದುವರಿಸಿ. ನಾದಕ್ಕೆ ಯಾವ ತೊಂದರೆಯೂ ಇಲ್ಲ.

ಎಷ್ಟು ಸುತ್ತು? ನೆಕ್ (ಗಿಟಾರಿನ ಕುತ್ತಿಗೆ) ಕಡೆಯ ಮತ್ತು ಮಧ್ಯದ ಪಿಕಪ್ಪಿಗೆ 7,600 ರಿಂದ 8,000. ಗಿಟಾರಿನ ತಂತಿಗಳು ಕೂರುವ ಬ್ರಿಡ್ಜ್ ಹತ್ತಿರ ಅವುಗಳ ಕಂಪನ ಚಿಕ್ಕದು, ಅಲ್ಲಿಗೆ 8,400 ವರೆಗೆ ಹೋಗಬಹುದು. ಸುತ್ತು, ತಿರುಗಿಸಿದ ದಿಕ್ಕು, ತಂತಿಯ ಅಳತೆ, ಅಂದಿನ ಬಿಸಿಲು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆಯದೆ ಸುತ್ತಿದ ಪಿಕಪ್ ಚೆನ್ನಾಗಿ ಬಂದರೆ ಅದನ್ನು ಮತ್ತೆ ಮಾಡಲಾಗದು.

ಅಳೆಯುವುದು

ಕೊನೆಯ ತುದಿಯನ್ನು ಎರಡನೇ ಐಲೆಟ್ಟಿಗೆ ಬೆಸೆದು ಮಲ್ಟಿಮೀಟರನ್ನು 20 ಕಿಲೋಓಮ್‌ಗೆ ಇಡಿ. 8,000 ಸುತ್ತಿಗೆ ಎಸ್.ಡಬ್ಲ್ಯು.ಜಿ. 46 ಆದರೆ 6.2 ರಿಂದ 6.5 ಕಿಲೋಓಮ್ ಸುತ್ತ ಬರಬೇಕು, ಎ.ಡಬ್ಲ್ಯು.ಜಿ. 42 ಆದರೆ 6 ರ ಹತ್ತಿರ. ಏನೂ ತೋರಿಸದಿದ್ದರೆ ಎಲ್ಲೋ ಹರಿದಿದೆ, ಮೊದಲು ಎರಡೂ ಬೆಸುಗೆ ನೋಡಿ. ನಿರೀಕ್ಷೆಗಿಂತ ಬಹಳ ಕಡಿಮೆ ಬಂದರೆ ಒಳಗೆ ಶಾರ್ಟ್ ಇದೆ. ಮೀಟರಿನ ಒಂದು ಮೊನೆ ಐಲೆಟ್ಟಿಗೆ, ಇನ್ನೊಂದು ಪ್ರತಿ ಆಯಸ್ಕಾಂತಕ್ಕೆ ತಾಗಿಸಿ ನೋಡಿ, ಎಲ್ಲೂ ಸಂಪರ್ಕ ಇರಬಾರದು.

ಅಳೆಯುವಾಗ ಹವಾಮಾನವನ್ನೂ ಲೆಕ್ಕಕ್ಕೆ ಹಿಡಿಯಿರಿ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.39 ಶೇಕಡಾ ಏರುತ್ತದೆ. ಧಾರವಾಡದ ಶ್ರಾವಣದ ಮಳೆಯಲ್ಲಿ 22 ಡಿಗ್ರಿಗೆ 6.0 ತೋರಿಸಿದ ಕಾಯಿಲ್, ಹುಬ್ಬಳ್ಳಿಯ ಏಪ್ರಿಲ್‌ನ 38 ಡಿಗ್ರಿಗೆ 6.37 ತೋರಿಸುತ್ತದೆ. ಪಿಕಪ್ ಬದಲಾಗಿರುವುದಿಲ್ಲ. ರೋಧ ಹೆಚ್ಚಿದ್ದರೆ ಸದ್ದು ಹೆಚ್ಚು ಎಂಬ ನಂಬಿಕೆಯನ್ನೂ ಬಿಡಿ. ಅದೇ ಸುತ್ತನ್ನು ಇನ್ನೂ ತೆಳು ತಂತಿಯಲ್ಲಿ ಹಾಕಿದರೆ ರೋಧ ಏರುತ್ತದೆ, ಸದ್ದೇನೂ ಏರುವುದಿಲ್ಲ. ಸುತ್ತಿನ ಎಣಿಕೆಯೇ ಮುಖ್ಯ, ಮೀಟರ್ ಬರೀ ಆರೋಗ್ಯ ಪರೀಕ್ಷೆಗೆ.

ಮೇಣ

ಸುತ್ತುಗಳು ಒಳಗೆ ಅಲುಗಾಡದಂತೆ ಮೇಣದಲ್ಲಿ ಅದ್ದಬೇಕು. ನಾಲ್ಕು ಭಾಗ ಪ್ಯಾರಾಫಿನ್, ಒಂದು ಭಾಗ ಜೇನುಮೇಣ. ಶಿರಸಿ, ಯಲ್ಲಾಪುರ ಕಡೆಯ ಜೇನು ಮಾರುವವರನ್ನು ಕೇಳಿದರೆ ಒಳ್ಳೆಯ ಜೇನುಮೇಣ ಸಿಗುತ್ತದೆ. ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕರಗಿಸಿ. ನೇರ ಉರಿಯ ಮೇಲೆ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ, ಇದರಲ್ಲಿ ಸಲಿಗೆ ಬೇಡ. ಥರ್ಮಾಮೀಟರ್ 65 ಡಿಗ್ರಿ ದಾಟದಿರಲಿ. ಪಿಕಪ್ ಮುಳುಗಿಸಿ, ಗಾಳಿಗುಳ್ಳೆ ಬರುವುದು ನಿಲ್ಲುವ ತನಕ, ಸುಮಾರು ಇಪ್ಪತ್ತು ನಿಮಿಷ ಬಿಡಿ. ತೆಗೆದು ಒರೆಸಿ, ತಣ್ಣಗಾದ ಮೇಲೆ ಕಾಟನ್ ಟೇಪ್ ಸುತ್ತಿ.

ವೈಂಡಿಂಗ್ ಅಂಗಡಿಯವರು ಮೋಟರಿಗೆ ಹಾಕುವಂತೆ ವಾರ್ನಿಷ್‌ನಲ್ಲಿ ಅದ್ದಿ ಕೊಡುತ್ತೇವೆ ಎನ್ನಬಹುದು. ಮೋಟರಿಗೆ ಅದೇ ಸರಿ. ಪಿಕಪ್ಪಿಗೆ ಬೇಡ: ಒಮ್ಮೆ ಗಟ್ಟಿಯಾದರೆ ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ.

ಕೂರಿಸುವುದು

ಐಲೆಟ್ಟುಗಳಿಗೆ ಮೆದುವಾದ ವೈರ್ ಬೆಸೆಯಿರಿ. ಹೊರಗಿನ ತುದಿ ಗ್ರೌಂಡಿಗೆ ಹೋಗಲಿ, ಹೊರ ಸುತ್ತುಗಳೇ ಒಂದಿಷ್ಟು ಕವಚವಾಗುತ್ತವೆ. ಸದ್ದು ಏರಿಳಿಸುವ ವಾಲ್ಯೂಮ್ ಪಾಟ್ 250 ಕಿಲೋಓಮ್. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಗೂ ಆಯಸ್ಕಾಂತಕ್ಕೂ 2 ಮಿ.ಮೀ., ಸಣ್ಣ ತಂತಿಗೆ 1.6 ಮಿ.ಮೀ. ಅಂತರದಿಂದ ಶುರು ಮಾಡಿ, ಕಿವಿಗೆ ಹೊಂದುವಂತೆ ಇಳಿಸುತ್ತ ಹೋಗಿ.

ಸಿಂಗಲ್ ಕಾಯಿಲ್ ಎಂದ ಮೇಲೆ 50 ಹರ್ಟ್ಸ್ ಗುಂಯ್‌ಗುಡುವಿಕೆ ಇದ್ದದ್ದೇ. ಮೂರು ಪಿಕಪ್ ಸುತ್ತುವವರಿದ್ದರೆ ಮಧ್ಯದ್ದನ್ನು ಎದುರು ದಿಕ್ಕಿನಲ್ಲಿ ಸುತ್ತಿ, ಅದರ ಆಯಸ್ಕಾಂತಗಳನ್ನೂ ತಲೆಕೆಳಗಾಗಿ ಕೂರಿಸಿ. ಆಗ ತಂತಿಯ ನಾದ ಎರಡರಲ್ಲೂ ಕೂಡುತ್ತದೆ, ಗುಂಯ್ ಸದ್ದು ಒಂದನ್ನೊಂದು ಕಳೆಯುತ್ತದೆ. ಜೋಡಿಸುವ ಮುಂಚೆ ಪರೀಕ್ಷಿಸಲು ಮುಳ್ಳಿನ ಮೀಟರ್ ಒಳ್ಳೆಯದು. ಪಿಕಪ್ಪಿಗೆ ಹಚ್ಚಿ, ಸ್ಕ್ರೂ ಡ್ರೈವರನ್ನು ಆಯಸ್ಕಾಂತಗಳ ಮೇಲಿಟ್ಟು ಥಟ್ಟನೆ ಮೇಲಕ್ಕೆತ್ತಿ. ಮೂರೂ ಪಿಕಪ್ಪಿನಲ್ಲಿ ಮುಳ್ಳು ಒಂದೇ ಕಡೆ ಹಾರಬೇಕು. ದಿಕ್ಸೂಚಿ ಮಾತ್ರ ಮಧ್ಯದ್ದರ ಮೇಲೆ ತಿರುಗಿ ನಿಲ್ಲಬೇಕು. ಎರಡೂ ಸರಿಯಿದ್ದರೆ ಐದು ಸ್ಥಾನದ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಆಂಪ್ ಪೂರಾ ಏರಿಸಿದರೂ ಗುಂಯ್ ಸದ್ದು ಬಹುಪಾಲು ಅಡಗುತ್ತದೆ.